ಮೊದಲ ಗುತ್ತಿಗೆಗೂ ಮುನ್ನ ‘ಪ್ರೈವೇಟ್ ಲಿಮಿಟೆಡ್’ ಬೇಕಾ? ಶಿವಮೊಗ್ಗ, ಭದ್ರಾವತಿಯ ಹೊಸ ಗುತ್ತಿಗೆದಾರರಿಗೆ ಇಲ್ಲಿದೆ ಮಾಹಿತಿ

ಶಿವಮೊಗ್ಗ: ಹತ್ತಾರು ವರ್ಷ ಸೂಪರ್‌ವೈಸರ್ ಆಗಿ, ಮೇಸ್ತ್ರಿಯಾಗಿ, ಸೈಟ್ ಇಂಜಿನಿಯರ್ ಆಗಿ ದುಡಿದವರು ಒಂದು ದಿನ ಸ್ವಂತವಾಗಿ ಗುತ್ತಿಗೆ ಹಿಡಿಯಲು ಹೊರಡುತ್ತಾರೆ. ಆಗ ಎದುರಾಗುವ ಮೊದಲ ಪ್ರಶ್ನೆ, ಕೆಲಸ ಯಾರ ಹೆಸರಿನಲ್ಲಿ ಮಾಡುವುದು? ಸ್ವಂತ ಹೆಸರಿನಲ್ಲಾ, ಸ್ನೇಹಿತನ ಜೊತೆ ಪಾರ್ಟ್ನರ್‌ಶಿಪ್ಪಾ, ಇಲ್ಲಾ ‘ಪ್ರೈವೇಟ್ ಲಿಮಿಟೆಡ್’ ಕಂಪನಿಯಾ? ಲೆಟರ್‌ಹೆಡ್ ಮೇಲೆ ‘ಪ್ರೈವೇಟ್ ಲಿಮಿಟೆಡ್’ ಅಂತ ಇದ್ದರೆ ತೂಕ ಬರುತ್ತೆ ಅನ್ನೋ ಮಾತು ಎಲ್ಲ ಕಡೆ ಇದೆ. ತೂಕ ಬರುವುದು ನಿಜ. ಆದರೆ ಹೆಸರಿನ ಜೊತೆಗೆ ಏನೇನು ಬರುತ್ತದೆ ಅನ್ನುವುದನ್ನು ಲೆಕ್ಕ ಹಾಕದೆ ಕಂಪನಿ ತೆರೆದವರು ಎರಡೇ ವರ್ಷದಲ್ಲಿ ಆಡಿಟರ್ ಕಚೇರಿ ಮೆಟ್ಟಿಲು ಹತ್ತಿ ಇಳಿಯುವುದೂ ಅಷ್ಟೇ ನಿಜ.

ಕಂಪನಿ ಅನ್ನುವುದು ಜಿಲ್ಲೆಗೆ ಹೊಸದಲ್ಲ. ಭದ್ರಾವತಿಯವರ ಬಾಯಲ್ಲಿ ಎಂಪಿಎಂ ಅಂದರೆ ಮೈಸೂರು ಪೇಪರ್ ಮಿಲ್ಸ್ ಲಿಮಿಟೆಡ್. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಮುಂದೆ ‘ಲಿಮಿಟೆಡ್’ ಆಗಿ, 1998ರಲ್ಲಿ ಸೇಲ್ ಜೊತೆ ವಿಲೀನವಾದರೂ ಊರಿನವರಿಗೆ ಇವತ್ತಿಗೂ ಅದು ವಿಐಎಸ್‌ಎಲ್ಲೇ. ಕರೆಂಟ್ ಬಿಲ್ ಕೊಡುವ ಮೆಸ್ಕಾಂ ಒಂದು ಲಿಮಿಟೆಡ್ ಕಂಪನಿ. ಶಿವಮೊಗ್ಗದ ರಸ್ತೆ, ಫುಟ್‌ಪಾತ್ ಅಗೆದು ಕಟ್ಟಿದ ಸ್ಮಾರ್ಟ್ ಸಿಟಿ ಯೋಜನೆಗೂ ‘ಶಿವಮೊಗ್ಗ ಸ್ಮಾರ್ಟ್ ಸಿಟಿ ಲಿಮಿಟೆಡ್’ ಎಂಬ ಕಂಪನಿಯನ್ನೇ ಮಾಡಲಾಗಿತ್ತು. ಇವೆಲ್ಲ ಸರ್ಕಾರದ ಬೆಂಬಲ ಇದ್ದ ದೊಡ್ಡ ಸಂಸ್ಥೆಗಳು. ಮೊದಲ ಚರಂಡಿ ಕಾಮಗಾರಿಗೆ ಟೆಂಡರ್ ಹಾಕುವ ಯುವಕನ ಕಥೆ ಬೇರೆ.

ಕಂಪನಿ ಅಂದರೆ ಬೇರೆಯದೇ ಒಬ್ಬ ‘ವ್ಯಕ್ತಿ’

ಕಾನೂನಿನ ಕಣ್ಣಿನಲ್ಲಿ ಕಂಪನಿ ಮಾಲೀಕನ ಇನ್ನೊಂದು ಹೆಸರಲ್ಲ, ಅದೊಂದು ಪ್ರತ್ಯೇಕ ವ್ಯಕ್ತಿ. ಅದಕ್ಕೆ ಅದರದೇ ಪ್ಯಾನ್, ಅದರದೇ ಬ್ಯಾಂಕ್ ಖಾತೆ, ಅದರದೇ ಸಾಲ ಇರುತ್ತದೆ. ಈ ನಿಯಮ ಗಟ್ಟಿಯಾಗಿದ್ದು 1896ರಲ್ಲಿ, ಲಂಡನ್ನಿನಲ್ಲಿ. ಅರಾನ್ ಸಾಲೊಮನ್ ಎಂಬ ಬೂಟು ವ್ಯಾಪಾರಿ ಹೆಂಡತಿ, ಮಕ್ಕಳಿಗೆ ಒಂದೊಂದು ಷೇರು ಕೊಟ್ಟು ಕಂಪನಿ ಮಾಡಿದ್ದ. ಕಂಪನಿ ಮುಳುಗಿದಾಗ ಸಾಲ ಕೊಟ್ಟವರು ಅವನ ಮೇಲೆ ಬಿದ್ದರು. ಕಂಪನಿಯ ಸಾಲ ಕಂಪನಿಯದು, ಸಾಲೊಮನ್‌ನದಲ್ಲ ಎಂದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ‘ಲಿಮಿಟೆಡ್’ ಪದದ ಅರ್ಥ ಇದೇ. ಷೇರುದಾರನ ಹೊಣೆ ಅವನು ಹಾಕಿದ ಷೇರು ಹಣಕ್ಕೆ ಸೀಮಿತ.

ಪ್ರತ್ಯೇಕ ವ್ಯಕ್ತಿ ಅಂದ ಮೇಲೆ ಆ ವ್ಯಕ್ತಿ ಹುಟ್ಟುವುದು ನೋಂದಣಿಯಾದ ದಿನ. ಆವತ್ತು ಅದಕ್ಕೆ ಅನುಭವ ಸೊನ್ನೆ, ವಹಿವಾಟು ಸೊನ್ನೆ. ಗುತ್ತಿಗೆ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಇದೇ.

ಅನುಭವ ಯಾರ ಹೆಸರಿಗೆ ಬರೆದುಕೊಳ್ಳುತ್ತೆ?

ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ದರ್ಜೆಗಳಾಗಿ ವಿಂಗಡಿಸಿ ನೋಂದಾಯಿಸುತ್ತದೆ. ಯಾವ ದರ್ಜೆಯವರು ಎಷ್ಟು ಮೊತ್ತದ ಕಾಮಗಾರಿಗೆ ಟೆಂಡರ್ ಹಾಕಬಹುದು ಅನ್ನುವುದಕ್ಕೆ ಮಿತಿ ಇದೆ. ಪಾಲಿಕೆ, ಭದ್ರಾವತಿ ನಗರಸಭೆ, ಜಿಲ್ಲಾ ಪಂಚಾಯಿತಿ, ನೀರಾವರಿ ನಿಗಮ, ಎಲ್ಲಿ ಕೆಲಸ ಹಿಡಿಯಬೇಕಾದರೂ ಈ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಟೆಂಡರ್‌ದಾರರು. ಕೆಲಸ ಮುಗಿದ ಮೇಲೆ ಇಂಜಿನಿಯರ್ ಕೊಡುವ ಪೂರ್ಣಗೊಳಿಸಿದ ಪ್ರಮಾಣಪತ್ರವೂ ಅವರ ಹೆಸರಿಗೇ.

ಮೊತ್ತ ದೊಡ್ಡದಾದಂತೆ ಟೆಂಡರ್ ದಾಖಲೆ ಎರಡು ವಿಷಯ ಕೇಳುತ್ತದೆ. ಕಳೆದ ಕೆಲವು ವರ್ಷಗಳ ವಹಿವಾಟು ಎಷ್ಟು, ಇದೇ ತರದ ಕೆಲಸ ಒಂದನ್ನಾದರೂ ಇಷ್ಟು ಮೊತ್ತಕ್ಕೆ ಮುಗಿಸಿದ್ದೀರಾ? ಐದು ವರ್ಷ ಸ್ವಂತ ಹೆಸರಿನಲ್ಲಿ ಕೆಲಸ ಮಾಡಿ, ಆರನೇ ವರ್ಷ ದೊಡ್ಡ ಕೆಲಸಕ್ಕೆ ಅಂತ ಹೊಸ ಕಂಪನಿ ತೆರೆದವರು ಸಿಕ್ಕಿಬೀಳುವುದು ಇಲ್ಲೇ. ಅನುಭವ ಮಾಲೀಕನ ಪ್ಯಾನ್‌ನಲ್ಲಿದೆ, ಟೆಂಡರ್ ಹಾಕುವುದು ಕಂಪನಿ. ತಾಂತ್ರಿಕ ಬಿಡ್‌ನಲ್ಲೇ ಅನರ್ಹ. ವ್ಯವಹಾರವನ್ನು ಪೂರ್ತಿಯಾಗಿ ಕಂಪನಿಗೆ ವಹಿಸಿಕೊಟ್ಟ ಕರಾರುಪತ್ರ ಇದ್ದರೆ ಕೆಲವು ಕಡೆ ಹಳೆಯ ಅನುಭವ ಪರಿಗಣಿಸುವುದುಂಟು. ಆದರೆ ಅದು ಆಯಾ ಟೆಂಡರ್‌ನ ಷರತ್ತಿಗೆ ಬಿಟ್ಟಿದ್ದು, ಹಕ್ಕಲ್ಲ. ನೋಂದಾಯಿತ ಪಾಲುದಾರಿಕೆ ಸಂಸ್ಥೆಯನ್ನು ಕಂಪನಿ ಕಾಯ್ದೆಯ 366ನೇ ಸೆಕ್ಷನ್ ಅಡಿ ಕಂಪನಿಯಾಗಿ ಪರಿವರ್ತಿಸುವ ದಾರಿ ಇದೆ. ಅಲ್ಲಿ ಹಳೆಯ ಸಂಸ್ಥೆಯೇ ಮುಂದುವರಿದಿದೆ ಎಂದು ವಾದಿಸುವುದು ಸುಲಭ. ಒಬ್ಬನೇ ನಡೆಸುವ ಮಾಲೀಕತ್ವಕ್ಕೆ ಈ ದಾರಿ ಇಲ್ಲ.

ಇದಕ್ಕಿಂತ ಕೆಟ್ಟ ಸ್ಥಿತಿ ಬೇರೆಯವರ ಲೈಸೆನ್ಸ್ ಮೇಲೆ ಕೆಲಸ ಮಾಡಿದವರದ್ದು. ಬಂಡವಾಳ ಇವರದು, ಬಿಸಿಲಲ್ಲಿ ನಿಂತದ್ದು ಇವರು, ಕೂಲಿಯವರಿಗೆ ಶನಿವಾರ ಬಟವಾಡೆ ಕೊಟ್ಟದ್ದು ಇವರು. ಪರ್ಸೆಂಟೇಜ್ ಪಡೆದು ಸಹಿ ಹಾಕಿದವರಿಗೆ ಅನುಭವ, ವಹಿವಾಟು ಎರಡೂ ಜಮೆ. ಹತ್ತು ವರ್ಷ ಹೀಗೆ ದುಡಿದವರು ಕಾಗದದ ಮೇಲೆ ಇವತ್ತಿಗೂ ಹೊಸಬರೇ.

ಹಾಗಾಗಿ ತೀರ್ಮಾನ ಮಾಡಬೇಕಾದ ಸಮಯ ಮೊದಲ ಕಾರ್ಯಾದೇಶಕ್ಕೆ ಮುಂಚೆ. ಮುಂದೆ ಬೆಳೆದು ದೊಡ್ಡ ಕೆಲಸಕ್ಕೆ ಕೈ ಹಾಕುವುದು ಖಂಡಿತ, ಜೊತೆಗೆ ಹಣ ಹಾಕುವ ಪಾಲುದಾರರೂ ಇದ್ದಾರೆ ಅನ್ನುವವರು ಮೊದಲ ದಿನದಿಂದಲೇ ಕಂಪನಿ ಹೆಸರಿನಲ್ಲಿ ಲೈಸೆನ್ಸ್ ಪಡೆದು ಸಣ್ಣ ಕೆಲಸದಿಂದ ಶುರು ಮಾಡಿದರೆ ಅನುಭವ ಸರಿಯಾದ ಖಾತೆಗೆ ಸೇರುತ್ತದೆ. ತಾಲೂಕಿನೊಳಗೇ ವರ್ಷಕ್ಕೆ ಐವತ್ತು ಲಕ್ಷ, ಕೋಟಿಯ ಕೆಲಸ ಸಾಕು ಅನ್ನುವವರಿಗೆ ಕಂಪನಿ ಬೇಡದ ಭಾರ. ಮಧ್ಯದಲ್ಲಿರುವವರೇ ಕೂತು ಯೋಚಿಸಬೇಕಾದವರು.

ಒಂದು ಎಚ್ಚರಿಕೆ. ರಾಜ್ಯದ ಟೆಂಡರ್ ಪಾರದರ್ಶಕತೆ ಕಾಯ್ದೆ, ಅಂದರೆ 1999ರ ಕೆಟಿಪಿಪಿ ಕಾಯ್ದೆಯಡಿ ನಿಗದಿತ ಮೊತ್ತದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿ ಇದೆ. ಈ ಮೀಸಲಾತಿಯಲ್ಲಿ ಲೈಸೆನ್ಸ್ ಪಡೆದವರು ಕಂಪನಿಗೆ ಬದಲಾಗುವ ಮುನ್ನ ನೋಂದಣಿ ನೀಡಿದ ಇಲಾಖೆಯಿಂದ ಸ್ಪಷ್ಟೀಕರಣವನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಬಾಯಿಮಾತಿನ ಭರವಸೆ ಟೆಂಡರ್ ತೆರೆಯುವ ದಿನ ಕೆಲಸಕ್ಕೆ ಬರಲ್ಲ.

ತೆರಿಗೆ ಲೆಕ್ಕ: 80 ಲಕ್ಷದ ಉದಾಹರಣೆ

ಸ್ವಂತ ಹೆಸರಿನಲ್ಲಿ ಅಥವಾ ಪಾಲುದಾರಿಕೆಯಲ್ಲಿ ಕೆಲಸ ಮಾಡುವವರಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಸೌಲಭ್ಯ ಇದೆ. ವಹಿವಾಟು 2 ಕೋಟಿಯೊಳಗಿದ್ದರೆ (ನಗದು ಸ್ವೀಕೃತಿ ಶೇ.5 ಮೀರದಿದ್ದರೆ 3 ಕೋಟಿ) ಬ್ಯಾಂಕ್ ಮೂಲಕ ಬಂದ ಹಣದ ಶೇ.6, ನಗದಿನ ಶೇ.8 ಲಾಭ ಅಂತ ತೋರಿಸಿದರೆ ಸಾಕು. ಲೆಕ್ಕದ ಪುಸ್ತಕ ಪೂರ್ತಿ ಬರೆಯಬೇಕಿಲ್ಲ, ತೆರಿಗೆ ಆಡಿಟ್ ಬೇಕಿಲ್ಲ. ಕಂಪನಿಗೆ ಈ ಸೌಲಭ್ಯ ಇಲ್ಲ. ಎಲ್‌ಎಲ್‌ಪಿಗೂ ಇಲ್ಲ.

ವರ್ಷಕ್ಕೆ 80 ಲಕ್ಷದ ಕೆಲಸ, ಎಲ್ಲ ಹಣ ಬ್ಯಾಂಕ್‌ಗೇ ಬಂದಿದೆ ಅಂದುಕೊಳ್ಳೋಣ. ಸ್ವಂತ ಹೆಸರಿನವರು ಕನಿಷ್ಠ ಶೇ.6ರಂತೆ 4.80 ಲಕ್ಷ ಲಾಭ ತೋರಿಸಿದರೆ, ಬೇರೆ ಆದಾಯ ಇಲ್ಲದಿದ್ದಲ್ಲಿ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ. ಇದೇ 4.80 ಲಕ್ಷ ಕಂಪನಿಯ ಲಾಭವಾದರೆ ಶೇ.22ರ ತೆರಿಗೆ, ಸರ್ಚಾರ್ಜ್, ಸೆಸ್ ಸೇರಿ ಶೇ.25.17, ಅಂದರೆ ಸುಮಾರು 1.20 ಲಕ್ಷ ರೂಪಾಯಿ. ಮೊದಲ ರೂಪಾಯಿಯಿಂದಲೇ ತೆರಿಗೆ, ವಿನಾಯಿತಿ ಮಿತಿ ಅನ್ನುವುದೇ ಇಲ್ಲ. ನಿರ್ದೇಶಕರಿಗೆ ಸಂಬಳ ಕೊಟ್ಟು ಲಾಭ ಕಡಿಮೆ ಮಾಡಬಹುದು, ಅದು ಕಾನೂನುಬದ್ಧವೇ. ಆದರೆ ಕೊಟ್ಟ ಸಂಬಳ ನಿಜವಾಗಿ ಬ್ಯಾಂಕ್‌ನಿಂದ ಹೋಗಿರಬೇಕು, ಸಂಬಳಕ್ಕೆ ತಕ್ಕ ಕೆಲಸವೂ ಕಾಣಬೇಕು. ಲಾಭ ಹೆಚ್ಚಾಗಿ, ಮಾಲೀಕ ಶೇ.30ರ ಹಂತ ತಲುಪಿದ ಮೇಲೆ ಈ ಲೆಕ್ಕ ತಿರುಗಿ ಕಂಪನಿ ಪರವಾಗುತ್ತದೆ.

ಬಿಲ್‌ನಲ್ಲಿ ಕಡಿತವೂ ಬದಲಾಗುತ್ತದೆ. ಗುತ್ತಿಗೆ ಪಾವತಿಗೆ ವ್ಯಕ್ತಿಗಳಿಗೆ ಶೇ.1 ಟಿಡಿಎಸ್ ಆದರೆ ಕಂಪನಿಗೆ ಶೇ.2. ಸರ್ಕಾರಿ ಕೆಲಸವಾದರೆ 2.50 ಲಕ್ಷ ಮೀರಿದ ಗುತ್ತಿಗೆಗೆ ಜಿಎಸ್‌ಟಿ ಟಿಡಿಎಸ್ ಶೇ.2, ಕಟ್ಟಡ ಕಾರ್ಮಿಕರ ಸೆಸ್ ಶೇ.1, ಖನಿಜದ ರಾಯಲ್ಟಿ, ಭದ್ರತಾ ಠೇವಣಿ. ಇವು ಎಲ್ಲರಿಗೂ ಒಂದೇ. ಹಿಡಿದ ಟಿಡಿಎಸ್ ಆಮೇಲೆ ವಾಪಸ್ ಬರುತ್ತದೆ, ಇಲ್ಲವೇ ತೆರಿಗೆಗೆ ಜಮೆಯಾಗುತ್ತದೆ ನಿಜ. ಆದರೆ ಬಿಲ್ ತಡವಾಗಿ, ಕೈಯಲ್ಲಿ ಕಾಸಿಲ್ಲದೆ ಸಿಮೆಂಟ್ ಅಂಗಡಿಯವರಿಗೆ ಮುಖ ತೋರಿಸಲಾಗದ ಹೊತ್ತಿನಲ್ಲಿ ಆ ಒಂದು ಪರ್ಸೆಂಟೂ ದೊಡ್ಡದೇ.

ನೋಂದಣಿ ಹೇಗೆ? ಬೆಂಗಳೂರಿಗೆ ಹೋಗಬೇಕಾ?

ಹೋಗಬೇಕಿಲ್ಲ. ಕರ್ನಾಟಕದ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಬೆಂಗಳೂರು ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಆದರೆ ಹೊಸ ಕಂಪನಿಯ ಅರ್ಜಿ ಪೂರ್ತಿ ಆನ್‌ಲೈನ್. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 2020ರಿಂದ ‘ಸ್ಪೈಸ್ ಪ್ಲಸ್’ ಎಂಬ ಅರ್ಜಿ ಇದೆ. ಅದನ್ನು ಪರಿಶೀಲಿಸುವ ಕೇಂದ್ರ ಇರುವುದು ಹರಿಯಾಣದ ಮಾನೇಸರ್‌ನಲ್ಲಿ. ಅರ್ಜಿಗೆ ಸಿಎ, ಕಂಪನಿ ಸೆಕ್ರೆಟರಿ, ಕಾಸ್ಟ್ ಅಕೌಂಟೆಂಟ್ ಅಥವಾ ವಕೀಲರೊಬ್ಬರ ದೃಢೀಕರಣ ಬೇಕು. ಹಾಗಾಗಿ ಇದು ಸೈಬರ್ ಸೆಂಟರ್‌ನಲ್ಲಿ ಕೂತು ಮುಗಿಸುವ ಕೆಲಸವಲ್ಲ.

ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ಆ ಇಬ್ಬರೇ ಈ ಇಬ್ಬರೂ ಆಗಿರಬಹುದು. ಒಬ್ಬರೇ ಇದ್ದರೆ ‘ಒನ್ ಪರ್ಸನ್ ಕಂಪನಿ’ ಮಾಡಬಹುದು, ಅದಕ್ಕೆ ನಾಮಿನಿ ಒಬ್ಬರು ಬೇಕು. ಕನಿಷ್ಠ ಬಂಡವಾಳದ ಷರತ್ತು 2015ರಲ್ಲೇ ಹೋಗಿದೆ. ಒಂದು ಲಕ್ಷ ಬೇಕೇ ಬೇಕು ಅನ್ನುವುದು ಹಳೆಯ ಮಾತು. ಅಧಿಕೃತ ಬಂಡವಾಳ 15 ಲಕ್ಷದವರೆಗೆ ಇದ್ದರೆ ಕೇಂದ್ರಕ್ಕೆ ನೋಂದಣಿ ಶುಲ್ಕವೂ ಇಲ್ಲ. ರಾಜ್ಯದ ಮುದ್ರಾಂಕ ಶುಲ್ಕ, ಹೆಸರು ಕಾಯ್ದಿರಿಸಲು 1,000 ರೂಪಾಯಿ, ಡಿಜಿಟಲ್ ಸಹಿ ಮತ್ತು ವೃತ್ತಿಪರರ ಶುಲ್ಕ ಇವೇ ಖರ್ಚು. ‘ಸರ್ಕಾರಿ ಫೀ’ ಅಂತ ದೊಡ್ಡ ಮೊತ್ತ ಹೇಳುವವರ ಬಳಿ ಚಲನ್ ಕೇಳಬೇಕು.

ಹೆಸರಿನ ವಿಷಯದಲ್ಲೇ ಬಹಳ ಅರ್ಜಿಗಳು ವಾಪಸ್ ಬರುತ್ತವೆ. ದೇವರ ಹೆಸರು, ಮಕ್ಕಳ ಹೆಸರಿನ ಮುಂದೆ ‘ಕನ್‌ಸ್ಟ್ರಕ್ಷನ್ಸ್’ ಸೇರಿಸಿದರೆ ದೇಶದಲ್ಲಿ ಅದೇ ಹೆಸರು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಒಂದಕ್ಷರ ಬದಲಿಸಿದರೆ, ಏಕವಚನವನ್ನು ಬಹುವಚನ ಮಾಡಿದರೆ ಬೇರೆ ಹೆಸರು ಅಂತ ಒಪ್ಪಲ್ಲ. ಎರಡು ಹೆಸರು ಸೂಚಿಸಬಹುದು. ಒಪ್ಪಿಗೆಯಾದ ಹೆಸರು 20 ದಿನ ಮಾತ್ರ ಕಾಯ್ದಿರಿಸಿರುತ್ತದೆ, ಅಷ್ಟರಲ್ಲಿ ಉಳಿದ ಅರ್ಜಿ ಸಲ್ಲಿಸಬೇಕು.

ನೋಂದಾಯಿತ ಕಚೇರಿಗೆ ಅಂಗಡಿ ಮಳಿಗೆಯೇ ಬೇಕೆಂದಿಲ್ಲ. ವಿನೋಬನಗರದ ಮನೆಯಾದರೂ ಸರಿ, ಭದ್ರಾವತಿ ಹೊಸಮನೆಯ ಬಾಡಿಗೆ ರೂಮಾದರೂ ಸರಿ. ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಅಥವಾ ನೀರಿನ ಬಿಲ್ ಸಾಕು. ಬಾಗಿಲ ಮುಂದೆ ಕಂಪನಿ ಹೆಸರಿನ ಫಲಕ ಕಡ್ಡಾಯ. ಆ ಫಲಕ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು ಕೇಂದ್ರದ ಕಂಪನಿ ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ಕನ್ನಡ ಬೋರ್ಡ್ ಬರೀ ರಾಜ್ಯದ ನಿಯಮ ಅಂತ ತಿಳಿದವರು ಇದನ್ನು ಗಮನಿಸಬೇಕು. ಬಿಲ್, ಲೆಟರ್‌ಹೆಡ್ ಮೇಲೆ ಕಂಪನಿಯ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ವಿಳಾಸ ಇರಬೇಕು.

ಕಂಪನಿಯ ಉದ್ದೇಶಗಳನ್ನು ಬರೆಯುವ ಮೆಮೊರಾಂಡಂ ಅನ್ನು ಕಾಪಿ-ಪೇಸ್ಟ್ ಮಾಡಿಸಬಾರದು. ಕಟ್ಟಡ, ರಸ್ತೆ, ಚರಂಡಿ, ನೀರು ಸರಬರಾಜು, ವಿದ್ಯುತ್ ಕಾಮಗಾರಿ, ಯಂತ್ರಗಳ ಬಾಡಿಗೆ, ಹೀಗೆ ಮುಂದೆ ಮಾಡಬಹುದಾದ ಕೆಲಸಗಳೆಲ್ಲ ಅದರಲ್ಲಿ ಇರಲಿ. ಮೆಸ್ಕಾಂ ಕೆಲಸದ ಆಸೆ ಇದ್ದವರಿಗೆ ಇದರ ಮೇಲೆ ವಿದ್ಯುತ್ ಪರಿವೀಕ್ಷಣಾಲಯದ ಪ್ರತ್ಯೇಕ ಲೈಸೆನ್ಸೂ ಬೇಕು.

ದಾಖಲೆ ಸರಿ ಇದ್ದರೆ ಪ್ರಮಾಣಪತ್ರದ ಜೊತೆ ಪ್ಯಾನ್, ಟ್ಯಾನ್ ಬರುತ್ತದೆ. ಇಪಿಎಫ್, ಇಎಸ್‌ಐ, ವೃತ್ತಿ ತೆರಿಗೆ ನೋಂದಣಿ ಅದೇ ಅರ್ಜಿಯಲ್ಲಿ ಆಗುತ್ತದೆ, ಬೇಕಾದರೆ ಜಿಎಸ್‌ಟಿಯೂ. ಕೋಡ್ ನಂಬರ್ ಬಂತು ಅಂತ ಗಾಬರಿ ಬೇಡ. ಪಿಎಫ್‌ಗೆ 20, ಇಎಸ್‌ಐಗೆ 10 ಜನ ಆದ ಮೇಲೆ ವಂತಿಗೆ ಕಟ್ಟುವ ಹೊಣೆ ಶುರು. ಗುತ್ತಿಗೆದಾರರ ಲೈಸೆನ್ಸ್, ಉದ್ಯಮ್ ನೋಂದಣಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನ ಟೆಂಡರ್ ಖಾತೆ ಇವೆಲ್ಲ ಕಂಪನಿಯ ಪ್ಯಾನ್‌ಗೆ ಹೊಸದಾಗಿ ಆಗಬೇಕು. ಹಳೆಯದು ತಾನಾಗಿ ವರ್ಗವಾಗಲ್ಲ.

180 ದಿನದ ಗಡುವು

ಪ್ರಮಾಣಪತ್ರ ಬಂದ ಕೂಡಲೇ ಕೆಲಸ ಶುರು ಮಾಡುವಂತಿಲ್ಲ. ಷೇರುದಾರರು ತಮ್ಮ ಪಾಲಿನ ಹಣವನ್ನು ತಮ್ಮ ಖಾತೆಯಿಂದ ಕಂಪನಿ ಖಾತೆಗೆ ಹಾಕಿ, ನೋಂದಣಿಯಾದ 180 ದಿನದೊಳಗೆ ‘ಐಎನ್‌ಸಿ-20ಎ’ ಘೋಷಣೆ ಸಲ್ಲಿಸಬೇಕು. ಅದಾಗುವವರೆಗೆ ವ್ಯವಹಾರ ನಡೆಸುವಂತಿಲ್ಲ, ಸಾಲ ಪಡೆಯುವಂತಿಲ್ಲ. ತಪ್ಪಿದರೆ ಕಂಪನಿಗೆ 50 ಸಾವಿರ, ನಿರ್ದೇಶಕರಿಗೆ ದಿನಕ್ಕೆ ಸಾವಿರದಂತೆ ಒಂದು ಲಕ್ಷದವರೆಗೆ ದಂಡ. ಮೊದಲ 30 ದಿನದೊಳಗೆ ಆಡಿಟರ್ ನೇಮಕವೂ ಆಗಬೇಕು.

ಆಮೇಲೆ ಪ್ರತಿ ವರ್ಷದ ಕಥೆ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಆಡಿಟ್ ಆಗಬೇಕು. ವಾರ್ಷಿಕ ಸಭೆಯ ನಂತರ 30 ದಿನದಲ್ಲಿ ಲೆಕ್ಕಪತ್ರ, 60 ದಿನದಲ್ಲಿ ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ, ಇಂತಿಷ್ಟೇ ಅನ್ನುವ ಮಿತಿ ಇಲ್ಲ. ಎರಡೂ ಫಾರಂ ಒಂದು ವರ್ಷ ಮರೆತರೆ 73 ಸಾವಿರ. ಟೆಂಡರ್ ಸಿಗಲಿಲ್ಲ, ಕಂಪನಿ ಹಾಗೇ ಇರಲಿ ಬಿಡಿ ಅಂದವರಿಗೆ ಬರುವ ಬಿಲ್ ಇದು. ಸತತ ಮೂರು ವರ್ಷ ವಿವರ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ದೇಶಾದ್ಯಂತ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಪಟ್ಟಿಯಿಂದ ಅಳಿಸಿತ್ತು.

ಹೆಂಡತಿ, ತಾಯಿಯನ್ನು ‘ಸಹಿಗೆ ಮಾತ್ರ’ ನಿರ್ದೇಶಕರನ್ನಾಗಿ ಮಾಡುವವರು

ಇಬ್ಬರು ಬೇಕು ಅನ್ನುವ ಷರತ್ತಿಗೆ ಹೆಚ್ಚಿನವರು ಹುಡುಕಿಕೊಳ್ಳುವ ಪರಿಹಾರ ಮನೆಯಲ್ಲೇ ಇದೆ. ಹೆಂಡತಿ, ತಾಯಿ, ತಮ್ಮ, ಯಾರಾದರೂ ಒಬ್ಬರು ‘ಬರೀ ಸಹಿಗೆ’. ಆಧಾರ್, ಪ್ಯಾನ್, ಫೋಟೋ ಕೊಟ್ಟರೆ ಆಯಿತು, ಡಿಜಿಟಲ್ ಸಹಿಯ ಪೆನ್‌ಡ್ರೈವ್ ಆಡಿಟರ್ ಡ್ರಾವರ್‌ನಲ್ಲಿ. ಕಾನೂನಿನಲ್ಲಿ ‘ಸಹಿಗೆ ಮಾತ್ರ ನಿರ್ದೇಶಕ’ ಎಂಬ ಹುದ್ದೆ ಇಲ್ಲ.

ಖಾಸಗಿ ಕಂಪನಿ ಜಿಎಸ್‌ಟಿ ಬಾಕಿ ಉಳಿಸಿ, ಕಂಪನಿಯಿಂದ ವಸೂಲಿಯಾಗದಿದ್ದರೆ ಆ ಅವಧಿಯ ನಿರ್ದೇಶಕರೇ ಕಟ್ಟಬೇಕು. ತಮ್ಮ ನಿರ್ಲಕ್ಷ್ಯ ಇರಲಿಲ್ಲ ಎಂದು ಸಾಬೀತು ಮಾಡುವ ಹೊರೆಯೂ ಅವರ ಮೇಲೆಯೇ. ಆದಾಯ ತೆರಿಗೆ ಕಾನೂನಿನಲ್ಲೂ ಇಂಥದ್ದೇ ನಿಯಮ ಇದೆ. ಕಂಪನಿ ಚೆಕ್ ಬೌನ್ಸ್ ಆದರೆ ಚೆಕ್‌ಗೆ ಸಹಿ ಹಾಕಿದವರು, ವ್ಯವಹಾರ ನೋಡಿಕೊಳ್ಳುತ್ತಿದ್ದವರು ಕ್ರಿಮಿನಲ್ ಕೇಸ್ ಎದುರಿಸಬೇಕು. ಮೂರು ವರ್ಷ ವಿವರ ಸಲ್ಲಿಸದೆ ಅನರ್ಹತೆ ಬಂದರೆ ಅದು ಇಬ್ಬರಿಗೂ ಬರುತ್ತದೆ. ಸರ್ಕಾರಿ ನೌಕರಿಯಲ್ಲಿರುವ ಮನೆಯವರನ್ನು ನಿರ್ದೇಶಕರನ್ನಾಗಿ ಮಾಡಿದರೆ ಅವರ ಸೇವಾ ನಿಯಮಕ್ಕೇ ಧಕ್ಕೆ.

ಇನ್ನು ಬ್ಯಾಂಕ್. ಹೊಸ ಕಂಪನಿಗೆ ಓಡಿ ಅಥವಾ ಬ್ಯಾಂಕ್ ಗ್ಯಾರಂಟಿ ಕೊಡುವ ಮುನ್ನ ಮ್ಯಾನೇಜರ್ ಕೇಳುವುದು ನಿರ್ದೇಶಕರ ವೈಯಕ್ತಿಕ ಜಾಮೀನು, ಜೊತೆಗೆ ಮನೆ ಅಥವಾ ಸೈಟಿನ ಪತ್ರ. ಆ ಸಹಿ ಬಿದ್ದ ಕ್ಷಣ ‘ಲಿಮಿಟೆಡ್’ ಪದದ ರಕ್ಷಣೆ ಆ ಸಾಲದ ಮಟ್ಟಿಗೆ ಮುಗಿಯಿತು. ಕಂಪನಿ ದಿವಾಳಿ ಪ್ರಕ್ರಿಯೆ ಮುಗಿದರೂ ಜಾಮೀನು ಕೊಟ್ಟವರ ಹೊಣೆ ತಾನಾಗಿ ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಮೇ ತಿಂಗಳಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಹೇಳಿದೆ. ಮನೆ ಪತ್ರ ಹೆಂಡತಿ ಹೆಸರಿನಲ್ಲಿದ್ದು, ಆಕೆ ನಿರ್ದೇಶಕಿಯೂ ಜಾಮೀನುದಾರಳೂ ಆಗಿದ್ದರೆ ಕಂಪನಿ ಮಾಡಿ ಉಳಿಸಿದ್ದೇನು ಅನ್ನುವ ಪ್ರಶ್ನೆ ಬರುತ್ತದೆ.

ಹಾಗಂತ ರಕ್ಷಣೆ ಸುಳ್ಳಲ್ಲ. ಮೆಟೀರಿಯಲ್ ಬಾಕಿ, ಗುತ್ತಿಗೆ ಮುರಿದ ನಷ್ಟಪರಿಹಾರದಂಥ ಜಾಮೀನು ಇಲ್ಲದ ಹೊಣೆಗಳು ವಂಚನೆ ಇಲ್ಲದಿದ್ದರೆ ಕಂಪನಿಯ ಮಟ್ಟಕ್ಕೇ ನಿಲ್ಲುತ್ತವೆ. ಜೊತೆಗಾರ ಮಾಡಿದ ಸಾಲಕ್ಕೆ ಇನ್ನೊಬ್ಬನ ಅಡಿಕೆ ತೋಟ ಹೋಗುವ ಪಾಲುದಾರಿಕೆಯ ಅಪಾಯ ಇಲ್ಲಿಲ್ಲ. ನಿಜವಾಗಿ ಇಬ್ಬರು ಹಣ ಹಾಕಿ, ಇಬ್ಬರೂ ದುಡಿಯುವಾಗ ಕಂಪನಿ ಒಳ್ಳೆಯ ವ್ಯವಸ್ಥೆಯೇ.

ಕೈಸಾಲ ನಡೆಯಲ್ಲ

ಗುತ್ತಿಗೆ ಕೆಲಸ ನಡೆಯುವುದೇ ಕೈಸಾಲದ ಮೇಲೆ. ಬಿಲ್ ಆಗುವವರೆಗೆ ಸ್ನೇಹಿತರಿಂದ ಎರಡು ಲಕ್ಷ, ಪರಿಚಯದ ಅಂಗಡಿಯವರಿಂದ ಮೂರು ಲಕ್ಷ. ಕಂಪನಿಗೆ ಈ ದಾರಿ ಮುಚ್ಚಿದೆ. ನಿರ್ದೇಶಕರು, ಅವರ ಹತ್ತಿರದ ಸಂಬಂಧಿಕರು ತಮ್ಮದೇ ಹಣ ಎಂದು ಬರೆದುಕೊಟ್ಟು ಸಾಲ ಕೊಡಬಹುದು. ಬ್ಯಾಂಕ್ ಕೊಡಬಹುದು. ಹೊರಗಿನ ಸ್ನೇಹಿತ ಕೊಟ್ಟ ಸಾಲ ಕಾಯ್ದೆಯಲ್ಲಿ ‘ಠೇವಣಿ’ ಅನ್ನಿಸಿಕೊಳ್ಳುತ್ತದೆ, ಅದಕ್ಕೆ ದಂಡ ಭಾರಿ. ಸ್ನೇಹಿತನಿಂದ ವೈಯಕ್ತಿಕವಾಗಿ ಸಾಲ ಪಡೆದು ಕಂಪನಿಗೆ ಹಾಕಿ ‘ಸ್ವಂತ ಹಣ’ ಎಂದು ಬರೆದರೆ ಆ ಘೋಷಣೆಯೇ ಸುಳ್ಳಾಗುತ್ತದೆ.

ಹಣ ಹೊರಗೆ ತೆಗೆಯುವುದೂ ಹಾಗೆಯೇ. ಬಿಲ್ ಬಂದ ದಿನ ಮಗಳ ಕಾಲೇಜು ಫೀಗೆ ಕಂಪನಿ ಖಾತೆಯಿಂದ ಕಟ್ಟುವಂತಿಲ್ಲ. ಸಂಬಳ, ಲಾಭಾಂಶ, ಕೊಟ್ಟ ಸಾಲದ ಮರುಪಾವತಿ, ಇಂಥ ಒಂದು ಕಾರಣದ ಹೆಸರಿನಲ್ಲೇ ಹೊರಗೆ ಬರಬೇಕು. ಸ್ವಂತ ಹೆಸರಿನಲ್ಲಿ ಕೆಲಸ ಮಾಡಿ ಅಭ್ಯಾಸವಾದವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಶಿಸ್ತು. ಒಬ್ಬ ವ್ಯಕ್ತಿಗೆ ಒಂದೇ ದಿನ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆದಾಯ ತೆರಿಗೆಯವರು ಒಪ್ಪಲ್ಲ. ಸೆಂಟ್ರಿಂಗ್ ಮೇಸ್ತ್ರಿಗೆ ಇಡೀ ಗ್ಯಾಂಗ್‌ನ ಬಟವಾಡೆಯನ್ನು ಒಂದೇ ಕಂತೆಯಲ್ಲಿ ಕೊಡುವ ಪದ್ಧತಿ ಇಲ್ಲಿ ತೊಂದರೆಗೆ ಸಿಕ್ಕಿಸುತ್ತದೆ.

ಅಂಗಡಿಯವರು ಏನು ನೋಡಬೇಕು?

ಇದು ಗುತ್ತಿಗೆದಾರರ ವಿಷಯ ಮಾತ್ರ ಅಲ್ಲ. ಬಿ.ಹೆಚ್.ರಸ್ತೆಯ ಹಾರ್ಡ್‌ವೇರ್, ಸಿಮೆಂಟ್, ಸ್ಟೀಲ್, ಪೇಂಟ್ ಅಂಗಡಿಯವರು ಉದ್ರಿ ಕೊಡುವಾಗ ಬಿಲ್ ಯಾರ ಹೆಸರಿಗೆ ಬರೆಯುತ್ತಿದ್ದೇವೆ ಅಂತ ನೋಡಲೇಬೇಕು. ಹತ್ತು ವರ್ಷದ ಪರಿಚಯದ ಗಿರಾಕಿ ‘ಇನ್ಮೇಲೆ ಕಂಪನಿ ಹೆಸರಿಗೆ ಬಿಲ್ ಹಾಕಿ’ ಅಂದ ದಿನದಿಂದ ಸಾಲಗಾರ ಬದಲಾದ. ನಾಳೆ ವಸೂಲಿಗೆ ನಿಂತರೆ ಕಾನೂನಿನ ಪ್ರಕಾರ ಎದುರಿಗಿರುವುದು ಆ ಗಿರಾಕಿಯಲ್ಲ, ಒಂದು ಲಕ್ಷ ಬಂಡವಾಳದ ಕಂಪನಿ.

ಕಂಪನಿ ಸಚಿವಾಲಯದ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಹೆಸರು ಹಾಕಿದರೆ ಕಂಪನಿ ಚಾಲ್ತಿಯಲ್ಲಿದೆಯಾ, ಬಂಡವಾಳ ಎಷ್ಟು, ನಿರ್ದೇಶಕರು ಯಾರು, ಯಾವ ಬ್ಯಾಂಕ್‌ಗೆ ಆಸ್ತಿ ಅಡವಿದೆ, ಕೊನೆಯ ಬಾರಿ ಲೆಕ್ಕ ಸಲ್ಲಿಸಿದ್ದು ಯಾವಾಗ ಅನ್ನುವುದು ಕಾಣುತ್ತದೆ. ದೊಡ್ಡ ಉದ್ರಿಗೆ ನಿರ್ದೇಶಕರ ವೈಯಕ್ತಿಕ ಜಾಮೀನು ಪತ್ರ ಕೇಳುವುದರಲ್ಲಿ ನಾಚಿಕೆ ಏನಿಲ್ಲ, ಬ್ಯಾಂಕ್‌ನವರೂ ಅದನ್ನೇ ಮಾಡುವುದು. ಕಂಪನಿಯನ್ನು ದಿವಾಳಿ ನ್ಯಾಯಮಂಡಳಿಗೆ ಎಳೆಯುತ್ತೇನೆ ಅನ್ನುವ ಬೆದರಿಕೆ ಸಣ್ಣ ಬಾಕಿಗೆ ನಡೆಯಲ್ಲ. 2020ರ ಮಾರ್ಚ್‌ನಿಂದ ಅದಕ್ಕೆ ಕನಿಷ್ಠ ಒಂದು ಕೋಟಿ ಬಾಕಿ ಇರಬೇಕು. ಮೂರು ಲಕ್ಷದ ಸಿಮೆಂಟ್ ಬಾಕಿಗೆ ಸಿವಿಲ್ ದಾವೆ, ಚೆಕ್ ಇದ್ದರೆ ಚೆಕ್ ಬೌನ್ಸ್ ಕೇಸ್, ಇವೇ ದಾರಿ.

ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಪಿಎಂ ಯಂತ್ರಗಳು ನಿಂತ ಮೇಲೆ, 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದ ಮೇಲೆ ಕಾರ್ಖಾನೆಯನ್ನೇ ನಂಬಿದ್ದ ಗುತ್ತಿಗೆ ಕಾರ್ಮಿಕರು, ಅಂಗಡಿಯವರು ಪಟ್ಟ ಪಾಡನ್ನು ಊರು ನೋಡಿದೆ.

ಯಾರಿಗೆ ಕಂಪನಿ ಹೊಂದುತ್ತೆ?

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಕಾರ್ಖಾನೆಗಳ ಶೆಡ್, ಫ್ಯಾಬ್ರಿಕೇಶನ್, ನಿರ್ವಹಣೆಯ ಕೆಲಸ ಹಿಡಿಯುವವರಿಗೆ, ಹೊರ ಜಿಲ್ಲೆಯ ದೊಡ್ಡ ಗುತ್ತಿಗೆ ಸಂಸ್ಥೆಗಳಡಿ ಉಪಗುತ್ತಿಗೆ ಮಾಡುವವರಿಗೆ ಕಂಪನಿ ಸಹಾಯವಾಗಬಹುದು. ಕೆಲವು ಸಂಸ್ಥೆಗಳು ಕಂಪನಿಗಳನ್ನೇ ಬಯಸುತ್ತವೆ. ಹೊರಗಿನಿಂದ ಬಂಡವಾಳ ಹಾಕುವವರು ಇದ್ದರೆ ಷೇರಿನ ವ್ಯವಸ್ಥೆಗಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಮಾಲೀಕ ತೀರಿಕೊಂಡರೂ ಕಂಪನಿಯ ಲೈಸೆನ್ಸ್, ಅನುಭವ ಅದರ ಹೆಸರಿನಲ್ಲೇ ಉಳಿಯುವುದು ಮನೆಯವರಿಗೆ ದೊಡ್ಡ ಆಧಾರ. ಸ್ವಂತ ಹೆಸರಿನ ಲೈಸೆನ್ಸ್‌ಗೆ ಆ ಆಯುಷ್ಯ ಇಲ್ಲ.

ಈಗಾಗಲೇ ಸ್ವಂತ ಹೆಸರಿನಲ್ಲಿ ನಡೆಸುತ್ತಿರುವವರು ಬದಲಾಗುವುದಾದರೆ ನಡೆಯುತ್ತಿರುವ ಕಾಮಗಾರಿಗಳನ್ನು ಹಳೆಯ ಹೆಸರಿನಲ್ಲೇ ಮುಗಿಸಿ ಬಿಲ್ ಪಡೆಯುವುದು ಸುಲಭ. ಮಧ್ಯದಲ್ಲಿ ಹೆಸರು ಬದಲಿಸಿದರೆ ಇಲಾಖೆಯ ಒಪ್ಪಿಗೆ, ಬ್ಯಾಂಕ್ ಗ್ಯಾರಂಟಿ, ಜಿಎಸ್‌ಟಿ ಎಲ್ಲ ಜಟಿಲ. ಯಂತ್ರ, ಟಿಪ್ಪರ್ ಸಮೇತ ಇಡೀ ವ್ಯವಹಾರವನ್ನು ಕಂಪನಿಗೆ ವಹಿಸಿದರೆ ಅದರ ಮೇಲೆ ಬಂಡವಾಳ ಲಾಭದ ತೆರಿಗೆ ಬೀಳದಂತೆ ವಿನಾಯಿತಿ ಇದೆ. ಆದರೆ ಆಸ್ತಿ, ಸಾಲ ಎಲ್ಲವೂ ಕಂಪನಿಗೆ ಹೋಗಬೇಕು, ಪ್ರತಿಫಲ ಷೇರಿನ ರೂಪದಲ್ಲೇ ಬರಬೇಕು, ಹಳೆಯ ಮಾಲೀಕರ ಬಳಿ ಕನಿಷ್ಠ ಶೇ.50 ಮತದ ಹಕ್ಕು ಐದು ವರ್ಷ ಇರಬೇಕು.

ತೆರೆದ ಕಂಪನಿ ಬೇಡವಾದರೆ ಸುಮ್ಮನೆ ಬಿಡುವಂತಿಲ್ಲ. ಸಾಲ, ಬಾಕಿ ಎಲ್ಲ ತೀರಿಸಿ, ಉಳಿದ ವಾರ್ಷಿಕ ವಿವರ ಸಲ್ಲಿಸಿ, ಬ್ಯಾಂಕ್ ಖಾತೆ ಮುಚ್ಚಿ, ‘ಎಸ್‌ಟಿಕೆ-2’ ಅರ್ಜಿ ಹಾಕಬೇಕು. ಅದರ ಸರ್ಕಾರಿ ಶುಲ್ಕವೇ 10 ಸಾವಿರ ರೂಪಾಯಿ. ಕಂಪನಿ ಮುಚ್ಚುವ ಮುನ್ನ ಜಿಎಸ್‌ಟಿ ನೋಂದಣಿ ರದ್ದು ಮಾಡಿಸಬೇಕು, ಇಲಾಖೆಗಳಲ್ಲಿ ಉಳಿದಿರುವ ಭದ್ರತಾ ಠೇವಣಿಯನ್ನೂ ವಾಪಸ್ ಪಡೆದಿರಬೇಕು. ಹೆಸರು ಅಳಿಸಿದ ಮೇಲೆ ಆ ಠೇವಣಿ ಪಡೆಯುವುದು ಕಷ್ಟ.